ನಾಲ್ವರ ಮೇಜಿಗೆ ಒಬ್ಬರೇ ಅತಿಥಿ: ನನ್ನ ಅನುಭವ

ಪ್ರವಾಸಿಗರನ್ನೇ ನಂಬಿಕೊಂಡ ಸಣ್ಣ ವಸತಿಗೃಹವನ್ನೂ ಅದಕ್ಕೆ ಸೇರಿದ ರೆಸ್ಟೋರೆಂಟನ್ನೂ ನಡೆಸುತ್ತೇನೆ. ಗ್ರಾಹಕರು ಬದಲಾಗಿದ್ದಾರೆ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲಿ, ಹೇಗೆ ಎಂದರೆ ಉತ್ತರವಿಲ್ಲ. ಹಾಗಾಗಿ ಹಳೆಯ ಬಿಲ್ಲುಗಳನ್ನು ಹರಡಿಕೊಂಡು ಕುಳಿತೆ. ಎಷ್ಟು ಜನ ಬಂದರು, ಯಾವ ಹೊತ್ತಿನಲ್ಲಿ, ಏನು ತಿಂದರು ಎಂಬುದಷ್ಟನ್ನೇ ನೋಡಿದೆ.

ಎದ್ದು ಕಂಡವರು ಒಂಟಿ ಅತಿಥಿಗಳು. ಕುಟುಂಬಗಳು ಬರುವುದು ರಜೆಯಲ್ಲಿ. ವಾರದ ನಡುವೆ ಬರುವವರು ಒಬ್ಬರು, ಹೆಚ್ಚೆಂದರೆ ಇಬ್ಬರು. 2020ರ ಕೊರೊನಾ ನಂತರ ಎಲ್ಲಿಂದಲಾದರೂ ಕೆಲಸ ಮಾಡಬಲ್ಲವರು ಹೆಚ್ಚಿದ್ದಾರೆ, ಅವರ ಕೈಯಲ್ಲಿ ಲ್ಯಾಪ್‌ಟಾಪ್ ಇರುತ್ತದೆ. ನಾಲ್ವರ ಮೇಜಿನಲ್ಲಿ ಒಬ್ಬರು ಕುಳಿತರೆ ಮೂರು ಕುರ್ಚಿ ದುಡಿಯುವುದಿಲ್ಲ. ಬಾಗಿಲಲ್ಲಿ ಇಣುಕಿದವರು ಜಾಗವಿಲ್ಲವೆಂದು ಹೊರಟುಹೋಗುತ್ತಾರೆ. ದೊಡ್ಡ ಮೇಜುಗಳನ್ನು ತೆಗೆದು ಇಬ್ಬರು ಕೂರುವ ಚೌಕ ಮೇಜುಗಳನ್ನು ಹಾಕಿಸಿದೆ. ಗುಂಪು ಬಂದರೆ ಜೋಡಿಸಿದರಾಯಿತು. ಎಲ್ಲದರ ಎತ್ತರವೂ ಒಂದೇ ಇರಬೇಕು, ಇಲ್ಲವಾದರೆ ಸಂದಿನಲ್ಲಿ ಲೋಟ ಉರುಳುತ್ತದೆ. ಒಬ್ಬರಿಗೆಂದೇ ಅರ್ಧ ಪ್ರಮಾಣವನ್ನೂ ತಂದೆ. ಅದರ ಬೆಲೆಯನ್ನು ಮಾತ್ರ ಅರ್ಧ ಮಾಡಲಿಲ್ಲ: ಅರ್ಧವಾಗುವುದು ಸಾಮಗ್ರಿಯಷ್ಟೇ; ಅಡುಗೆಯವರ ಸಮಯ, ಇಂಧನ, ತೊಳೆಯುವ ತಟ್ಟೆ ಅಷ್ಟೇ ಇರುತ್ತವೆ.

ಮೆನು ಕತ್ತರಿಸಲು ಅಮೆರಿಕದ ಹೋಟೆಲ್ ನಿರ್ವಹಣೆಯ ಪ್ರಾಧ್ಯಾಪಕರಾದ ಮೈಕೆಲ್ ಕಸವಾನ ಮತ್ತು ಡೊನಾಲ್ಡ್ ಸ್ಮಿತ್ 1982ರಲ್ಲಿ ಮುಂದಿಟ್ಟ ವಿಧಾನವನ್ನು ಹಿಡಿದೆ. ಇಪ್ಪತ್ತು ತಿನಿಸುಗಳಿದ್ದರೆ ಒಂದೊಂದರ ಸರಾಸರಿ ಪಾಲು ಶೇ 5. ಅದರ ಶೇ 70, ಅಂದರೆ ಮಾರಾಟವಾದ ಒಟ್ಟು ತಟ್ಟೆಗಳ ಶೇ 3.5 ಮುಟ್ಟಿದ್ದು ಜನಪ್ರಿಯ. ಸಾಮಗ್ರಿಯ ವೆಚ್ಚ ಕಳೆದು ಪ್ರತಿ ತಟ್ಟೆಯಲ್ಲಿ ಉಳಿಯುವ ಹಣವನ್ನು ಬೇರೆಯಾಗಿ ಲೆಕ್ಕ ಹಾಕಬೇಕು. ಎರಡರಲ್ಲೂ ಹಿಂದುಳಿದದ್ದನ್ನು ಕೈಬಿಟ್ಟೆ. ಚೆನ್ನಾಗಿ ಮಾರಾಟವಾದರೂ ಹಣ ಉಳಿಸದವುಗಳನ್ನು ಕಿತ್ತುಹಾಕಲಿಲ್ಲ. ಜನ ಬರುವುದೇ ಅವುಗಳಿಗಾಗಿ. ಪ್ರಮಾಣವನ್ನು ತುಸು ಸರಿಪಡಿಸಿದೆ. ಎಲ್ಲರೂ ಜಪಿಸುವ, ತಿನಿಸಿನ ಬೆಲೆಯಲ್ಲಿ ಸಾಮಗ್ರಿ ವೆಚ್ಚದ ಶೇಕಡಾವಾರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಸಂಬಳ ಕೊಡುವುದು ಉಳಿದ ಹಣದಿಂದ, ಶೇಕಡಾವಾರಿನಿಂದಲ್ಲ.

ಕ್ಯೂಆರ್ ಮೆನು ಇಟ್ಟಿದ್ದೇನೆ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯು ವಾಹನದ ಬಿಡಿಭಾಗಗಳ ಲೆಕ್ಕಕ್ಕೆಂದು ರೂಪಿಸಿದ ಸಂಕೇತ ಅದು. ಖಾಲಿಯಾದ ತಿನಿಸನ್ನು ಆ ಕ್ಷಣವೇ ಅಳಿಸಬಹುದು ಎಂಬುದೇ ನನಗೆ ಅದರ ದೊಡ್ಡ ಲಾಭ. ಮುದ್ರಿತ ಮೆನುವೂ ಮೇಜಿನ ಮೇಲಿದೆ. ಊಟಕ್ಕೆ ಕುಳಿತವರ ಕೈಗೆ ಮತ್ತೆ ಮೊಬೈಲ್ ಕೊಡುವುದು ನನಗೆ ಇಷ್ಟವಿಲ್ಲ.

ಕೋಣೆಗಳದ್ದು ಬೇರೆಯೇ ತಲೆನೋವು. ಅತಿಥಿಗಳು ಕೊನೆಯ ಗಳಿಗೆಯಲ್ಲಿ ಕಾಯ್ದಿರಿಸುತ್ತಾರೆ, ಎರಡು ಮೂರು ಕಡೆ ಕಾಯ್ದಿರಿಸಿ ಆಮೇಲೆ ಬೇಡದ್ದನ್ನು ರದ್ದು ಮಾಡುತ್ತಾರೆ. ಅದಕ್ಕೆ ಎರಡು ದರ ಇಟ್ಟೆ: ರದ್ದು ಮಾಡಿದರೆ ಹಣ ಮರಳುವ ದರ ಜಾಸ್ತಿ, ಮರಳದ ದರ ಕಡಿಮೆ. ಅಡುಗೆಮನೆಯ ಖರೀದಿ ಈಗ ಹಣ ಮರಳದ ದರದಲ್ಲಿ ಕಾಯ್ದಿರಿಸಿದವರ ಪಟ್ಟಿಯನ್ನು ನೋಡಿಕೊಂಡು ನಡೆಯುತ್ತದೆ. ಹಣ ಮರಳುವ ದರದವರಿಗೆ ಬೇಕಾದ, ಬೇಗ ಕೆಡುವ ಸಾಮಗ್ರಿಯನ್ನು ಆಯಾ ದಿನ ಬೆಳಿಗ್ಗೆಯೇ ತರಿಸುತ್ತೇನೆ.