ಫೈಲ್ ಸರ್ವರ್‌ನ ಅನುಮತಿ ಸರಿಪಡಿಸಿದ ಅನುಭವ

ಜಯನಗರದ ನಮ್ಮ ಆಫೀಸಿಗೆ ಬಳಕೆದಾರರ ಖಾತೆ, ಲಾಗಿನ್ ನೋಡಿಕೊಳ್ಳುವ ಹೊಸ ಐಡೆಂಟಿಟಿ ವ್ಯವಸ್ಥೆ ಬರುವ ಮೊದಲು ಎಲ್ಲರ ಫೈಲುಗಳಿರುವ ಹಳೆಯ ವಿಂಡೋಸ್ ಫೈಲ್ ಸರ್ವರ್‌ನಲ್ಲಿ ಯಾರು ಯಾವ ಫೋಲ್ಡರ್ ತೆರೆಯಬಹುದೆಂಬ ಅನುಮತಿಗಳು ಶುಚಿಯಾಗಬೇಕಿತ್ತು. ಸಂಬಳದ ಫೋಲ್ಡರಿಗೇ 'ಎವ್ರಿಒನ್', ಅಂದರೆ ಎಲ್ಲರಿಗೂ, ಅನುಮತಿ! ಎದೆ ಧಸಕ್ಕೆಂದಿತು.

ಮೊದಲು ವಿಂಡೋಸ್‌ನಲ್ಲೇ ಇರುವ ಐಕ್ಯಾಕಲ್ಸ್ (icacls) ಎಂಬ ಕಮಾಂಡ್‌ನಿಂದ ಇದ್ದ ಅನುಮತಿಗಳನ್ನೆಲ್ಲ ಒಂದು ಫೈಲಿಗೆ ಉಳಿಸಿಕೊಂಡೆ. ಎಡವಟ್ಟಾದರೆ ವಾಪಸ್ ಹಾಕಲು ಇದು ಬೇಕೇ ಬೇಕು, ದಯವಿಟ್ಟು ಬಿಡಬೇಡಿ. ವಿಂಡೋಸ್‌ಗೆ ಕಮಾಂಡ್ ಕೊಡುವ ಪವರ್‌ಶೆಲ್‌ನಲ್ಲಿ ಅನುಮತಿ ಇರುವವರ ಪಟ್ಟಿ ತೆಗೆದಾಗ ಹಲವೆಡೆ ಹೆಸರಿನ ಬದಲು ಎಸ್-1-5-21 ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಕಂಡಿತು. ಕೆಲಸ ಬಿಟ್ಟವರ ಖಾತೆ ಅಳಿಸಿದರೂ ಅವರ ಎಸ್‌ಐಡಿ, ಅಂದರೆ ಖಾತೆಗೆ ವಿಂಡೋಸ್ ಕೊಡುವ ಈ ಗುರುತಿನ ಸಂಖ್ಯೆ, ಫೋಲ್ಡರಿನ ಅನುಮತಿ ಪಟ್ಟಿಯಲ್ಲೇ ಉಳಿದಿರುತ್ತದೆ. ಆಫೀಸಿನ ಖಾತೆಗಳನ್ನೆಲ್ಲ ಇಟ್ಟುಕೊಳ್ಳುವ ಡೊಮೈನ್ ಕಂಟ್ರೋಲರ್ ಎಂಬ ಸರ್ವರ್‌ನ ಸಂಪರ್ಕ ತಪ್ಪಿದಾಗಲೂ ಹೀಗೇ ಕಾಣಬಹುದು. ಸಂಪರ್ಕ ಸರಿಯಿದೆಯೇ ಎಂದು ಪರೀಕ್ಷಿಸಿಯೇ ಆ ಎಸ್‌ಐಡಿಗಳನ್ನು ಪಟ್ಟಿಯಿಂದ ಅಳಿಸಿದೆ.

ಯಾವ ಫೋಲ್ಡರ್ ಯಾರದೆಂದು ಮಾತ್ರ ಯಾವ ಕಮಾಂಡೂ ಹೇಳಲಿಲ್ಲ. ಅಕೌಂಟ್ಸ್ ಮೇಡಂ ಪಕ್ಕದಲ್ಲಿ ಕೂತು ಒಂದೊಂದನ್ನೇ ಗುರುತಿಸಿಕೊಟ್ಟರು. ಆಮೇಲೆ ಒಬ್ಬೊಬ್ಬರ ಹೆಸರು ತೆಗೆದು, ವಿಭಾಗದ ಗ್ರೂಪ್‌ಗಳಿಗಷ್ಟೇ ಅನುಮತಿ ಕೊಟ್ಟೆ.