ಶಿಯರ್ ಪಿನ್ ತುಂಡಾಯಿತೇ? ಗಟ್ಟಿ ಪಿನ್ ಹುಡುಕಬೇಡಿ

ಲೇತ್‌ನಲ್ಲಿ ಗೇರುಗಳು ಸುತ್ತುತ್ತಿವೆ, ಟೂಲನ್ನು ಸಾಗಿಸುವ ಉದ್ದನೆಯ ಲೀಡ್ ಸ್ಕ್ರೂ ಮಾತ್ರ ನಿಂತಿದೆ ಎಂದರೆ ಮೊದಲು ಶಿಯರ್ ಪಿನ್ ನೋಡಿ, ಅಂದರೆ ಶಾಫ್ಟನ್ನೂ ಅದರ ಮೇಲಿನ ಬಳೆಯಂಥ ಕಾಲರನ್ನೂ ಅಡ್ಡಲಾಗಿ ಜೋಡಿಸುವ ಸಣ್ಣ ಕಡ್ಡಿ. ಟೂಲ್ ಹೊತ್ತ ಕ್ಯಾರೇಜ್ ಹೋಗಿ ಕೆಲಸದ ತುಂಡು ಹಿಡಿಯುವ ಚಕ್‌ಗೆ ಬಡಿದಾಗ, ಟೂಲ್ ಸಿಕ್ಕಿಕೊಂಡಾಗ, ಗೇರಿನ ಹಲ್ಲೂ ಲೀಡ್ ಸ್ಕ್ರೂವನ್ನು ಕಚ್ಚಿ ಹಿಡಿಯುವ ಹಾಫ್ ನಟ್ಟೂ ಉಳಿಯಲಿ ಎಂದು ತಾನು ಮುರಿಯುವುದೇ ಈ ಪಿನ್ನಿನ ಕೆಲಸ. ಆದರೂ ‘ಇನ್ನು ಮುರಿಯಲೇಬಾರದು’ ಎಂದು ಹಳೆಯ ಡ್ರಿಲ್ ಬಿಟ್ಟಿನ ಹಿಂಭಾಗ ಕತ್ತರಿಸಿ ತೂರಿಸುವವರಿದ್ದಾರೆ. ಅಂಥ ಮೆಷಿನ್‌ನಲ್ಲಿ ಮುಂದಿನ ಸಲ ಹೋಗುವುದು ಗೇರು.

ಮೇನ್ ಸ್ವಿಚ್ ಆರಿಸಿ, ಪಿನ್ ಪಂಚ್‌ನಿಂದ ತುಂಡುಗಳನ್ನು ಹೊರಗೆ ತಳ್ಳಿ. ಒಂದು ತುದಿ ಸಣ್ಣಗಿದ್ದರೆ ಅದು ಟೇಪರ್ ಪಿನ್. ಸಣ್ಣ ತುದಿಯ ಕಡೆಯಿಂದಲೇ ಹೊಡೆಯಬೇಕು. ತುಂಡುಗಳನ್ನು ಬಿಸಾಡಬೇಡಿ, ಬೆಳಕಿಗೆ ಹಿಡಿದು ಮುರಿದ ಮುಖ ನೋಡಿ. ಒಂದೇ ದಿಕ್ಕಿಗೆ ಸವರಿದಂತಿದ್ದರೆ ಒಮ್ಮೆಲೇ ಭಾರ ಬಿದ್ದು ತುಂಡಾಗಿದೆ. ಅಲೆಅಲೆಯಾದ ಗೆರೆಗಳಿದ್ದರೆ ಬಿರುಕು ನಿಧಾನವಾಗಿ ಬೆಳೆದು ಸೋತಿದೆ. ಪಿನ್ ಬಾಗಿದ್ದರೆ ತೂತು ಸಡಿಲವಾಗಿರಬೇಕು. ಅದನ್ನು ಸರಿಪಡಿಸದೆ ಲೋಹ ಬದಲಿಸಿ ಫಲವಿಲ್ಲ.

ಮೆಷಿನ್ ಜತೆ ಬಂದ ಪುಸ್ತಕದಲ್ಲಿ ಪಿನ್ನಿನ ವಿವರ ಇದ್ದರೆ ಅದೇ ಅಂತಿಮ. ಇಲ್ಲದಿದ್ದರೆ ತುಂಡಿಗೆ ಆಯಸ್ಕಾಂತ ತಾಗಿಸಿ. ಅಂಟಿಕೊಂಡರೆ ಉಕ್ಕು, ಅದರ ಮೇಲೆ ಅರ ಕಚ್ಚದೆ ಜಾರಿದರೆ ಹದಗೊಳಿಸಿದ ಉಕ್ಕು. ಹಾಗಿದ್ದರೆ ಹಿಂದೆ ಯಾರೋ ಸಿಕ್ಕಿದ್ದನ್ನು ತುರುಕಿದ್ದಾರೆ ಎಂದು ಅನುಮಾನಿಸಿ, ಅದರ ನಕಲು ಮಾಡಬೇಡಿ.

ಈಗ ಲೆಕ್ಕ. ಪಿನ್ ಶಾಫ್ಟಿಗೆ ಅಡ್ಡಲಾಗಿ ಪೂರ್ತಿ ಹಾದುಹೋಗಿದ್ದರೆ ಅದು ಎರಡು ಕಡೆ ತುಂಡಾಗಬೇಕು. ಆಗ ಅದನ್ನು ಮುರಿಯುವ ತಿರುಚು ಬಲಕ್ಕೆ ಸೂತ್ರ ಸುಲಭ: ಪಿನ್ನಿನ ಅಡ್ಡಕೊಯ್ತದ ವಿಸ್ತೀರ್ಣ, ಲೋಹದ ಶಿಯರ್ ಬಲ (ಅಡ್ಡ ಕತ್ತರಿಸುವಿಕೆಯನ್ನು ತಡೆಯುವ ಶಕ್ತಿ), ಶಾಫ್ಟಿನ ವ್ಯಾಸ, ಮೂರನ್ನೂ ಗುಣಿಸಿ. 20 ಮಿ.ಮೀ. ಶಾಫ್ಟಿನಲ್ಲಿ 4 ಮಿ.ಮೀ. ಪಿನ್ ಇದೆ ಎನ್ನಿ, ವಿಸ್ತೀರ್ಣ 12.6 ಚದರ ಮಿ.ಮೀ. ಲೋಹದ ಶಿಯರ್ ಬಲ ಅದರ ಎಳೆತದ ಬಲದ ಸುಮಾರು 0.6 ಪಾಲು. ಹಿತ್ತಾಳೆಗೆ ಚದರ ಮಿ.ಮೀ.ಗೆ 240 ನ್ಯೂಟನ್ ಹಿಡಿದರೆ ಸುಮಾರು 60 ನ್ಯೂಟನ್ ಮೀಟರಿಗೆ ಪಿನ್ ತುಂಡಾಗುತ್ತದೆ. ಮೈಲ್ಡ್ ಸ್ಟೀಲ್ (ಮೆದು ಉಕ್ಕು) ಬ್ರೈಟ್ ಬಾರ್ ಆದರೆ 75ರ ಆಸುಪಾಸು. ಅದೇ ಜಾಗಕ್ಕೆ 12.9 ದರ್ಜೆಯ ಹೈ ಟೆನ್ಸೈಲ್ (ಅತಿ ಗಟ್ಟಿ ಉಕ್ಕಿನ) ಬೋಲ್ಟ್ ಹಾಕಿದರೆ 180! ಹಿತ್ತಾಳೆಯ ಮೂರು ಪಟ್ಟು ಹೊಡೆತವನ್ನು ಗೇರು ತಿನ್ನಬೇಕು. ಟೊಳ್ಳಾಗಿದೆಯಲ್ಲ ಎಂದು ಸ್ಪ್ರಿಂಗ್ ಪಿನ್ (ಉದ್ದಕ್ಕೆ ಸೀಳಿದ ಕೊಳವೆಯಂಥ ಪಿನ್) ಹಾಕುವುದೂ ಮೋಸವೇ. ದಪ್ಪ ಗೋಡೆಯ ಸ್ಪ್ರಿಂಗ್ ಪಿನ್ ಅದೇ ಅಳತೆಯ ಮೈಲ್ಡ್ ಸ್ಟೀಲ್ ಪಿನ್ನಿಗಿಂತ ಗಟ್ಟಿ.

ಏನೂ ಮಾಹಿತಿ ಇಲ್ಲದಾಗ ನನ್ನ ಮೊದಲ ಆಯ್ಕೆ ಹಿತ್ತಾಳೆ, ಅದರಲ್ಲೂ ಲೇತ್‌ನಲ್ಲಿ ಪುಡಿಪುಡಿಯಾಗಿ ಕಡಿಯುವ ಜಾತಿಯದ್ದು. ಅದು ಹೆಚ್ಚು ಎಳೆದಾಡದೆ ತುಂಡಾಗುತ್ತದೆ, ತುಕ್ಕು ಹಿಡಿದು ತೂತಿನಲ್ಲಿ ಕಚ್ಚಿಕೊಳ್ಳುವುದಿಲ್ಲ, ಶಾಫ್ಟನ್ನೂ ಗೀರುವುದಿಲ್ಲ. ಮೈಲ್ಡ್ ಸ್ಟೀಲ್ ಆಗಬಾರದೆಂದಲ್ಲ, ಆದರೆ ಮುರಿದ ಅಂಚಿನಲ್ಲಿ ಬರ್ (ಚೂಪಾದ ಮುಳ್ಳು) ಎದ್ದು ಹೊರಬರಲು ಸತಾಯಿಸುತ್ತದೆ. ಅಲ್ಯೂಮಿನಿಯಂ ಪದೇ ಪದೇ ಏರಿಳಿಯುವ ಭಾರಕ್ಕೆ ಬೇಗ ದಣಿಯುತ್ತದೆ. ತಾಮ್ರ ಮುರಿಯುವ ಮೊದಲೇ ಹಿಗ್ಗಿ ಮೆತ್ತಿಕೊಳ್ಳುತ್ತದೆ, ಬೇಡವೇ ಬೇಡ. ತೀರಾ ಪುಟ್ಟ ಮೆಷಿನ್‌ಗಳಿಗೆ ಪ್ಲಾಸ್ಟಿಕ್ ಪಿನ್ ಸಾಕಾಗಬಹುದು.

ಸಡಿಲ ತೂತನ್ನು ರೀಮರ್ (ತೂತು ಕೆರೆದು ನಯಗೊಳಿಸುವ ಟೂಲ್) ಹಾಕಿ ದೊಡ್ಡದು ಮಾಡಿದರೆ ಪಿನ್ ದಪ್ಪವಾಗುತ್ತದೆ, ಬಲವೂ ಏರುತ್ತದೆ. ಅದಕ್ಕೆ ಮದ್ದು, ಕಾಲರ್ ಮತ್ತು ಶಾಫ್ಟ್ ಸೇರುವ ಎರಡೂ ಕಡೆ ಪಿನ್ನಿನ ಸುತ್ತ ಸಣ್ಣ ತೋಡು ಕೊಯ್ಯುವುದು. 4 ಮಿ.ಮೀ. ಪಿನ್ನನ್ನು ಅಲ್ಲಿ 3ಕ್ಕೆ ಇಳಿಸಿದರೆ ವಿಸ್ತೀರ್ಣ ಶೇ 56ಕ್ಕೆ ಇಳಿಯುತ್ತದೆ. ತೋಡು ಆ ಜಾಗದಿಂದ ಅತ್ತಿತ್ತ ಸರಿದರೆ ಮಾತ್ರ ಈ ಲೆಕ್ಕ ಕೆಲಸಕ್ಕೆ ಬಾರದು. ಸ್ಕ್ರೂ ಬಳಸುವವರೂ ಗಮನಿಸಿ: ಕತ್ತರಿಸುವ ಜಾಗದಲ್ಲಿ ಥ್ರೆಡ್ ಬರಬಾರದು.

ಪಿನ್ ಬೆರಳಿನ ಒತ್ತಿಗೆ ಬಿಗಿಯಾಗಿ ಕೂರಬೇಕು. ನಂತರ ನೀವು ಮಾಡುವ ಅತಿ ಭಾರದ ಮಾಮೂಲಿ ಕಟ್ ಹಾಕಿ ನೋಡಿ. ಮುರಿದರೆ ಮೊದಲು ಲೀಡ್ ಸ್ಕ್ರೂಗೆ ಎಣ್ಣೆ ಇದೆಯೇ, ಎಲ್ಲಾದರೂ ಚೂರು ಸಿಕ್ಕಿಕೊಂಡಿದೆಯೇ ಎಂದು ಪರೀಕ್ಷಿಸಿ. ಎಲ್ಲ ಸರಿಯಿದ್ದೂ ಮತ್ತೆ ಮುರಿದರೆ ಒಂದೇ ಮೆಟ್ಟಿಲು ಮೇಲಕ್ಕೆ ಹೋಗಿ, ಹಿತ್ತಾಳೆಯಿಂದ ಮೈಲ್ಡ್ ಸ್ಟೀಲಿಗೆ; ನೇರ ಹೈ ಟೆನ್ಸೈಲ್‌ಗೆ ಹಾರಬೇಡಿ. ಒಗ್ಗಿದ ಪಿನ್ ಸಿಕ್ಕ ಮೇಲೆ ಅದೇ ಸರಳಿನಿಂದ ಇನ್ನೂ ನಾಲ್ಕೈದು ಕತ್ತರಿಸಿ, ಯಾವ ಮೆಷಿನ್ನಿಗೆ ಎಂದು ಚೀಟಿ ಬರೆದು ಡಬ್ಬಿಯಲ್ಲಿಡಿ. ಬೇರೆ ಸರಳಿನಿಂದ ಮಾಡಿದರೆ ಮತ್ತೆ ಕಟ್ ಹಾಕಿ ಪರೀಕ್ಷಿಸಬೇಕು.