ಪಾರ್ಕ್ ಸಿಟಿಯ ಇಳಿಜಾರಿನಲ್ಲಿ ಮುಂದಕ್ಕೆ ಬಾಗಲು ಕಲಿತದ್ದು

ನಾನು ಮೊದಲ ಬಾರಿಗೆ ಹಿಮದ ಮೇಲೆ ಜಾರಲು ಹೊರಟಾಗ ನನಗೆ ನಲವತ್ತೆರಡು ವರ್ಷ. ಕೆಲಸದ ನಿಮಿತ್ತ ಅಮೆರಿಕದ ಸಾಲ್ಟ್ ಲೇಕ್ ಸಿಟಿಗೆ ಬಂದು ಎರಡು ಚಳಿಗಾಲಗಳನ್ನು ಕಿಟಕಿಯೊಳಗಿನಿಂದಲೇ ನೋಡಿ ಕಳೆದಿದ್ದೆ. ಮುಕ್ಕಾಲು ಗಂಟೆಯ ದಾರಿಯಲ್ಲಿರುವ ಪಾರ್ಕ್ ಸಿಟಿಯ ಬೆಟ್ಟಕ್ಕೆ ಹೋಗುವ ಧೈರ್ಯ ಬಂದದ್ದು ಮೂರನೆಯ ವರ್ಷ.

ಸ್ಕೀ ಎಂಬ ಎರಡು ಉದ್ದನೆಯ ಪಟ್ಟಿಗಳನ್ನು ಎರಡು ಕಾಲಿಗೆ ಕಟ್ಟಿಕೊಂಡು ಸಂಭಾಳಿಸುವುದಕ್ಕಿಂತ ಒಂದೇ ಹಲಗೆಯ ಮೇಲೆ ನಿಲ್ಲುವುದು ಸುಲಭವೆಂದು ಲೆಕ್ಕ ಹಾಕಿ ಮೊದಲು ಸ್ನೋಬೋರ್ಡನ್ನು ಆರಿಸಿಕೊಂಡೆ. ಆ ಲೆಕ್ಕ ಮಧ್ಯಾಹ್ನದೊಳಗೆ ತಲೆಕೆಳಗಾಯಿತು. ಸ್ನೋಬೋರ್ಡಿನಲ್ಲಿ ಎರಡೂ ಪಾದಗಳು ಹಲಗೆಗೆ ಬಿಗಿದಿರುತ್ತವೆ. ಇಳಿಜಾರಿನ ಕಡೆಗಿರುವ ಅಂಚು ಹಿಮಕ್ಕೆ ಕಚ್ಚಿಕೊಂಡರೆ ಹಲಗೆ ಅಲ್ಲೇ ನಿಲ್ಲುತ್ತದೆ, ಮೈ ಮಾತ್ರ ನಿಲ್ಲುವುದಿಲ್ಲ. ಬೀಳುವಾಗ ಅಂಗೈ ಊರಬಾರದು, ಮುಷ್ಟಿ ಬಿಗಿದು ಮುಂದೋಳಿನ ಮೇಲೆ ಭಾರ ಬಿಡಬೇಕು ಎಂದು ಶಿಕ್ಷಕಿ ಮೊದಲೇ ಹೇಳಿದ್ದರೂ ಕೈಗೆ ಆ ಬುದ್ಧಿ ಇರಲಿಲ್ಲ. ಸಂಜೆ ಕಾರಿನ ಸ್ಟೀರಿಂಗ್ ತಿರುಗಿಸಲು ಎಡಗೈ ಒಪ್ಪಲಿಲ್ಲ.

ಮುಂದಿನ ವಾರಗಳಲ್ಲಿ, ಊತ ಇಳಿದ ಮೇಲೆ, ಸ್ಕೀಗೆ ಬದಲಾದೆ. ಅಲ್ಲಿ ನಾನು ಮಾಡಿದ ಮೊದಲ ತಪ್ಪು ಕಾಲುಚೀಲದ್ದು. ಚಳಿಗೆ ಹೆದರಿ ಎರಡು ಜೊತೆ ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡು, ಅವು ಹಿಡಿಸುವಂತೆ ಒಂದು ಅಳತೆ ದೊಡ್ಡ ಬೂಟನ್ನು ಬಾಡಿಗೆಗೆ ಪಡೆದೆ. ಒಂದು ಗಂಟೆಯಲ್ಲಿ ಬೆರಳುಗಳು ಮರಗಟ್ಟಿದವು, ಏಕೆಂದರೆ ಕಾಲುಚೀಲಗಳ ಬಿಗಿತ ರಕ್ತದ ಓಟವನ್ನೇ ತಡೆದಿತ್ತು. ಅದರ ಮೇಲೆ ಅಳತೆ ಮೀರಿದ ಬೂಟಿನೊಳಗೆ ಹಿಮ್ಮಡಿ ಏಳುತ್ತಿದ್ದುದರಿಂದ ನಾನು ತಿರುಗಿದರೂ ಸ್ಕೀ ತಿರುಗುತ್ತಿರಲಿಲ್ಲ. ಈಗ ಒಂದೇ ತೆಳುವಾದ ಕಾಲುಚೀಲ. ಬೂಟು ತೊಟ್ಟು ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂಭಾಗವನ್ನು ಸವರಬೇಕು, ಮೊಣಕಾಲು ಮುಂದಕ್ಕೆ ಬಾಗಿಸಿದಾಗ ತುಸು ಹಿಂದೆ ಸರಿಯಬೇಕು. ಈ ಪರೀಕ್ಷೆ ಮಾಡದೆ ನಾನು ಅಂಗಡಿಯಿಂದ ಹೊರಬೀಳುವುದಿಲ್ಲ.

ಎರಡನೆಯ ತಪ್ಪನ್ನು ತಿದ್ದಿಕೊಳ್ಳಲು ಇಡೀ ಋತುವೇ ಬೇಕಾಯಿತು. ಇಳಿಜಾರು ಕಂಡೊಡನೆ ಮೈ ತಾನಾಗಿ ಹಿಂದಕ್ಕೆ, ಬೆಟ್ಟದ ಕಡೆಗೆ ವಾಲುತ್ತದೆ. ಹಾಗೆ ವಾಲಿದರೆ ಸ್ಕೀಯ ಮುಂಭಾಗದ ಮೇಲಿನ ಭಾರ ಹೋಗಿ ಅದು ಹಿಮವನ್ನು ಹಿಡಿಯುವುದಿಲ್ಲ, ವೇಗ ಇನ್ನಷ್ಟು ಏರುತ್ತದೆ, ಹೆದರಿಕೆಯಿಂದ ನಾವು ಮತ್ತಷ್ಟು ವಾಲುತ್ತೇವೆ. ಶಿಕ್ಷಕಿ ನನ್ನ ಬೂಟಿನ ಮುಂದಿನ ನಾಲಿಗೆಗೂ ಕಣಕಾಲಿಗೂ ನಡುವೆ ಒಂದು ಹತ್ತು ಡಾಲರಿನ ನೋಟನ್ನು ಸಿಕ್ಕಿಸಿ, ಕೆಳಗೆ ಮುಟ್ಟುವವರೆಗೂ ಇದು ಜಾರದಂತೆ ಒತ್ತಿ ಹಿಡಿಯಿರಿ ಎಂದರು. ಸ್ಕೀಗಳ ಮುಂತುದಿಗಳನ್ನು ಕೂಡಿಸಿ ಹಿಂಬದಿಯನ್ನು ಅಗಲಿಸಿ ವೇಗ ತಗ್ಗಿಸುವ ಭಂಗಿಯನ್ನು ಅಲ್ಲಿ ಮಕ್ಕಳಿಗೆ ‘ಪಿಜ್ಜಾ’ ಎಂದು ಕಲಿಸುತ್ತಾರೆ. ಆ ಪಿಜ್ಜಾ ಆಕಾರದಲ್ಲಿಯೇ, ನೋಟಿನ ಕಡೆಗೆ ಗಮನವಿಟ್ಟು ಇಳಿದೆ. ಎರಡು ಸಲ ನೋಟು ಹಾರಿತು, ಮೂರನೆಯ ಸಲ ಉಳಿಯಿತು. ಆ ಸಲ ನಾನು ಎಲ್ಲಿ ನಿಲ್ಲಬೇಕೆಂದುಕೊಂಡಿದ್ದೆನೋ ಅಲ್ಲೇ ನಿಂತೆ.

ಅನಂತರ ತಂತಿಗೆ ತೂಗುಬಿಟ್ಟ ಕುರ್ಚಿಗಳಲ್ಲಿ ಬೆಟ್ಟ ಹತ್ತಿಸುವ ಪೇಡೇ ಲಿಫ್ಟ್ ಏರಿ, ಅಲ್ಲಿಂದ ಜಾರಿ, ಬೊನಾನ್ಜಾ ಲಿಫ್ಟ್ ಹಿಡಿಯುವುದು ರೂಢಿಯಾಯಿತು. ಪೇಡೇ ಎಂದರೆ ಸಂಬಳದ ದಿನ, ಬೊನಾನ್ಜಾ ಎಂದರೆ ಸಮೃದ್ಧ ಅದಿರು; ಹೆಸರುಗಳೇ ಹೇಳುವಂತೆ ಇದು ಗಣಿಗಳ, ಅದರಲ್ಲೂ ಬೆಳ್ಳಿಯ ಗಣಿಗಳ ಬೆಟ್ಟ. ಬೊನಾನ್ಜಾದ ಬುಡದಲ್ಲಿ ಸಿಲ್ವರ್ ಕಿಂಗ್ ಗಣಿಯ ಹಳೆಯ ಕಟ್ಟಡಗಳು ಇಂದಿಗೂ ನಿಂತಿವೆ. ಬೆಳ್ಳಿಯ ಬೆಲೆ ಕುಸಿದು ಊರು ಬರಿದಾಗುತ್ತಿದ್ದಾಗ ಗಣಿ ಕಂಪನಿಯೇ ಕೇಂದ್ರ ಸರ್ಕಾರದ ಸಾಲ ಪಡೆದು 1963ರಲ್ಲಿ ಈ ಸ್ಕೀ ತಾಣವನ್ನು ತೆರೆಯಿತು. ಕೆಲವು ವರ್ಷ ಸ್ಕೀಗರನ್ನು ಗಣಿಯ ರೈಲಿನಲ್ಲಿಯೇ ಸುಮಾರು ಮೂರು ಮೈಲಿ ಸುರಂಗದೊಳಗೆ ಒಯ್ದು, ಕಾರ್ಮಿಕರ ಲಿಫ್ಟಿನಲ್ಲಿ ಮೇಲಕ್ಕೆತ್ತಿ ಬೆಟ್ಟದ ಮೇಲೆ ಬಿಡುತ್ತಿದ್ದರಂತೆ. ಬಂಗಾರಪೇಟೆಯಲ್ಲಿ ಬೆಳೆದು, 2001ರಲ್ಲಿ ಕೆ.ಜಿ.ಎಫ್. ಗಣಿಗೆ ಬೀಗ ಬಿದ್ದದ್ದನ್ನು ಕಂಡ ನನಗೆ ಲಿಫ್ಟಿನಲ್ಲಿ ಕುಳಿತಾಗ ಆ ಕಟ್ಟಡಗಳ ಮೇಲಿಂದ ಕಣ್ಣು ಕೀಳುವುದು ಕಷ್ಟ. ಹೀಗೆ ನೋಡುತ್ತಾ ಕುಳಿತು ಒಮ್ಮೆ ಇಳಿಯುವ ಜಾಗದಲ್ಲಿ ಏಳಲು ಮರೆತೆ; ನಿರ್ವಾಹಕ ಲಿಫ್ಟನ್ನೇ ನಿಲ್ಲಿಸಬೇಕಾಯಿತು.

ಮೇಲಿನಿಂದ ಹೋಮ್ ರನ್ ಎಂಬ ಮೂರು ಮೈಲಿಗೂ ಮೀರಿದ ಹಸಿರು ಗುರುತಿನ, ಅಂದರೆ ಕಲಿಯುವವರ, ದಾರಿಯಿದೆ. ಬೆಳಿಗ್ಗೆ ಯಂತ್ರ ಬಾಚಿದ ಹಿಮ ಉತ್ತ ಹೊಲದಂತೆ ಸಾಲುಸಾಲಾಗಿ ಗಟ್ಟಿಯಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಜನ ಅದನ್ನು ಗುಡ್ಡೆಗುಡ್ಡೆ ಮಾಡಿರುತ್ತಾರೆ. ಆದ್ದರಿಂದ ನಾನು ಮೊದಲ ಲಿಫ್ಟಿಗೇ ಹೋಗಿ, ಕಾಲು ಸೋಲುವ ಮುನ್ನ, ಮಧ್ಯಾಹ್ನ ಎರಡು ಗಂಟೆಯೊಳಗೆ ಮುಗಿಸುತ್ತೇನೆ. ಕೆಳಗಿರುವವರಿಗೆ ದಾರಿ ಮೊದಲು ಎಂಬ ನಿಯಮವನ್ನು ಮೀರಿ ಹಿಂದಿನಿಂದ ರಭಸವಾಗಿ ನುಗ್ಗುವವರು ಸಂಜೆಯ ದಟ್ಟಣೆಯಲ್ಲಿಯೇ ಹೆಚ್ಚು.

ಈ ವರ್ಷ ಮಣಿಕಟ್ಟಿನ ಕವಚ ಕೊಂಡು ಸ್ನೋಬೋರ್ಡನ್ನು ಮತ್ತೆ ಹಿಡಿದಿದ್ದೇನೆ. ಹಿಮ್ಮಡಿಯ ಅಂಚಿನ ಮೇಲೆ ಇಳಿಯಲು ಬರುತ್ತದೆ, ತುದಿಗಾಲಿನ ಅಂಚಿಗೆ ಹೊರಳಲು ಬರುವುದಿಲ್ಲ. ಪಕ್ಕದ ಡೀರ್ ವ್ಯಾಲಿ ಎಂಬ ಸ್ಕೀ ತಾಣದಲ್ಲಿ ಸ್ನೋಬೋರ್ಡಿಗೆ ಪ್ರವೇಶವೇ ಇಲ್ಲ. ಅಲ್ಲಿಗೆ ಹೋದ ದಿನ ನನಗೆ ಸ್ಕೀ ಹಾಕಿಕೊಳ್ಳಲು ಒಳ್ಳೆಯ ನೆಪ ಸಿಗುತ್ತದೆ.